ಲಾಯದ ಅಂಗಳ: ನಿಲ್ಲಲು ಬಾರದ ಕುದುರೆಗೆ ಸೇತುವೆಯ ಅವಸರವೇಕೆ?

ಓದುಗರ ಪ್ರಶ್ನೆಗಳಿಗೆ ಪುಣೆಯ ಸವಾರಿ ಶಿಕ್ಷಕರ ಉತ್ತರ

ಮಳೆ ಹಿಂದೆ ಸರಿದು ಮುಳಶಿ ಕಡೆಯ ಕೆಸರು ಗಟ್ಟಿಯಾಗತೊಡಗಿದರೆ ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಸೆಪ್ಟೆಂಬರ್‌ವರೆಗೆ ಗೊರಸು ಕೊಳೆಯುವ ಬಗ್ಗೆ ಅಳುತ್ತಿದ್ದವರೆಲ್ಲ ಈಗ ಚಳಿಗಾಲದ ಸ್ಪರ್ಧೆಗಳ ಬಗ್ಗೆ ಕೇಳುತ್ತಿದ್ದಾರೆ. ಈ ಸಲ ಹೆಚ್ಚಿನ ಪತ್ರಗಳು ಕಾಡುದಾರಿಯ ಸವಾರಿ ಮತ್ತು ಅಡೆತಡೆ ದಾಟಿಸುವ ಸ್ಪರ್ಧೆಯ ಕುರಿತು ಬಂದಿವೆ. ಒಂದಕ್ಕೆ ಉದ್ದವಾಗಿ ಉತ್ತರಿಸಿದ್ದೇನೆ. ಉಳಿದವರು ಅದನ್ನೂ ಓದಿಕೊಳ್ಳಬೇಕು. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವ ತಾಳ್ಮೆ ನನಗೆ ಕುದುರೆಯ ಮುಂದೆ ಮಾತ್ರ ಇರುತ್ತದೆ.

ಪ್ರಶ್ನೆ: ಕಾಕಾ, ನಾವು ಮೂಲತಃ ಧಾರವಾಡದವರು, ಈಗ ಬಾವ್ಧನ್‌ನಲ್ಲಿ ಮನೆ. ನನ್ನ ಮಾರವಾಡಿ ಹೆಣ್ಣುಕುದುರೆಯನ್ನು ಪೌಡ್ ಕಡೆಯ ಒಂದು ಲಾಯದಲ್ಲಿ ಬಿಟ್ಟಿದ್ದೇನೆ. ಅವಳಿಗೆ ನಾಲ್ಕೂವರೆ ವರ್ಷ. ಡಿಸೆಂಬರ್ ಕೊನೆಗೆ ಹತ್ತು ಕಿಲೊಮೀಟರ್ ದಾರಿ, ಹನ್ನೆರಡು ಅಡೆತಡೆಗಳ ಸ್ಪರ್ಧೆ ಇದೆ. ಗೇಟು ತೆರೆದು ಮುಚ್ಚುವುದು, ಮರದ ಸೇತುವೆ, ತಾಡಪತ್ರಿ, ತಗ್ಗು ಕೊಂಬೆ, ನೀರು, ಹಿಂದಕ್ಕೆ ನಡೆಸುವುದು, ವೃತ್ತದೊಳಗೆ ಕದಲದೆ ನಿಲ್ಲಿಸುವುದು ಎಲ್ಲ ಇವೆಯಂತೆ. ಅರೀನಾದಲ್ಲಿ ಅವಳು ಚೆನ್ನಾಗಿಯೇ ಓಡುತ್ತಾಳೆ. ಸೇತುವೆ ಕಂಡರೆ ಮಾತ್ರ ಮುಂಗಾಲು ಎತ್ತಿ ನಿಂತು, ತಿರುಗಿ ಓಡುತ್ತಾಳೆ. ಮುಳ್ಳಿನ ಕಡಿವಾಣ ಹಾಕಿ ನೋಡಿ ಎಂದು ತರಬೇತುದಾರರು ಹೇಳುತ್ತಾರೆ. ಎಂಟು ವಾರ ಉಳಿದಿದೆ. ಎಲ್ಲಿಂದ ಆರಂಭಿಸಲಿ?

ಉತ್ತರ: ತಾಯೀ, ಮೊದಲು ಕಡಿವಾಣದ ಮಾತು ಮುಗಿಸೋಣ. ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯಲು ಕೇಂದ್ರ ಸರ್ಕಾರ 1965ರಲ್ಲಿ ಮಾಡಿದ ನಿಯಮಗಳಲ್ಲಿಯೇ ಮುಳ್ಳಿನ ಕಡಿವಾಣಕ್ಕೆ ನಿಷೇಧವಿದೆ. ಸವಾರಿಗೂ ಅದು ಅನ್ವಯಿಸುತ್ತದೆ. ನಿಮ್ಮ ತರಬೇತುದಾರರಿಗೆ ಇದನ್ನು ಓದಿ ಹೇಳಿ. ಅವರು ನಕ್ಕರೆ ತರಬೇತುದಾರರನ್ನು ಬದಲಿಸಿ, ಕಡಿವಾಣವನ್ನಲ್ಲ.

ನಾಲ್ಕೂವರೆ ವರ್ಷದ ಕುದುರೆಗೆ ಬಾಯಿ ಇನ್ನೂ ಕೂಡಿರುವುದಿಲ್ಲ, ಅಂದರೆ ಶಾಶ್ವತ ಹಲ್ಲುಗಳೆಲ್ಲ ಬಂದಿರುವುದಿಲ್ಲ. ಅಂಚಿನ ಬಾಚಿಹಲ್ಲುಗಳು ಬದಲಾಗುವುದು ಇದೇ ವಯಸ್ಸಿನಲ್ಲಿ. ಐದು ತುಂಬಿದ ಮೇಲೆ ಬಾಯಿ ಕೂಡುತ್ತದೆ. ಇದರ ಜೊತೆಗೆ ಕೆಲವು ಕುದುರೆಗಳಿಗೆ ಮೇಲ್ದವಡೆಯಲ್ಲಿ, ಅರೆಯುವ ಹಲ್ಲುಗಳ ಮುಂದೆ ಒಂದು ಪುಟ್ಟ ತೋಳಹಲ್ಲು ಇರುತ್ತದೆ. ಕಡಿವಾಣ ಎಳೆದಾಗ ಅದಕ್ಕೆ ತಾಗುತ್ತದೆ. ಆದ್ದರಿಂದ ಈ ವಾರವೇ ಕುದುರೆಯ ಹಲ್ಲು ನೋಡಿ ಅಭ್ಯಾಸವಿರುವ ಪಶುವೈದ್ಯರನ್ನು ಕರೆಸಿ ಬಾಯಿ ತೆರೆಸಿ ನೋಡಿಸಿ. ಬಾಯಿ ನೋಯುವ ಕುದುರೆ ತಲೆ ಎತ್ತುತ್ತದೆ, ತಲೆ ಎತ್ತಿದರೆ ಮುಂಗಾಲು ಏಳುತ್ತದೆ. ಆಮೇಲೆ ಎಲ್ಲರೂ ಸೇರಿ ಅದಕ್ಕೆ ಮೊಂಡು ಎಂದು ಹೆಸರಿಡುತ್ತಾರೆ.

ಈಗ ಮುಖ್ಯ ವಿಷಯ. ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿದೆ. ಅವಳು ಏನನ್ನು ದಾಟುತ್ತಾಳೆ, ಏನನ್ನು ದಾಟುವುದಿಲ್ಲ ಎಂಬುದೆಲ್ಲ ಅದರಲ್ಲಿದೆ. ನೀವು ರಿಕಾಪಿಗೆ ಕಾಲಿಟ್ಟಾಗ ಅವಳು ನಿಲ್ಲುತ್ತಾಳೆಯೇ? ಲಗಾಮು ಸಡಿಲ ಬಿಟ್ಟು ಮೊಬೈಲ್ ನೋಡುವಷ್ಟು ಹೊತ್ತು ಕದಲದೆ ಇರುತ್ತಾಳೆಯೇ? ಇದು ಪತ್ರದಲ್ಲಿಲ್ಲ. ಇಲ್ಲವೆಂದ ಮೇಲೆ ನಿಲ್ಲುವುದಿಲ್ಲ ಎಂದೇ ಅರ್ಥ ಮಾಡಿಕೊಳ್ಳುತ್ತೇನೆ. ಏಕೆಂದರೆ ನಿಲ್ಲುವ ಕುದುರೆಯ ಒಡೆಯರು ಅದನ್ನು ಮೊದಲ ಸಾಲಿನಲ್ಲಿಯೇ ಬರೆಯುತ್ತಾರೆ.

ಈ ಬಗೆಯ ಸ್ಪರ್ಧೆಗೆ ಹೆಚ್ಚು ಶಾಸ್ತ್ರೋಕ್ತ ರೂಪ ಕೊಟ್ಟವರು ಫ್ರಾನ್ಸಿನವರು. ಅವರ ಪದ್ಧತಿಯಲ್ಲಿ ಮೂರು ಭಾಗಗಳಿವೆ. ನಕ್ಷೆ ನೋಡಿಕೊಂಡು ಗೊತ್ತಾದ ವೇಗದಲ್ಲಿ ದಾರಿ ಸವೆಸುವುದು ಒಂದು, ನಡಿಗೆಯ ಹತೋಟಿ ಇನ್ನೊಂದು, ಅಡೆತಡೆಗಳು ಮೂರನೆಯದು. ನಡಿಗೆಯ ಭಾಗ ನನಗೆ ಬಹಳ ಇಷ್ಟ. ಸುಮಾರು 150 ಮೀಟರ್ ಉದ್ದದ ಕಿರಿದಾದ ಓಣಿಯಲ್ಲಿ ಕುದುರೆ ಒಮ್ಮೆ ಎಷ್ಟು ಸಾಧ್ಯವೋ ಅಷ್ಟು ನಿಧಾನವಾಗಿ ಕ್ಯಾಂಟರ್ (ಹಗುರ ಓಟ) ಮಾಡಬೇಕು, ಇನ್ನೊಮ್ಮೆ ಎಷ್ಟು ಸಾಧ್ಯವೋ ಅಷ್ಟು ಬೇಗ ನಡೆಯಬೇಕು. ಎರಡಕ್ಕೂ ಸಮಾನ ಅಂಕ. ನಡುವೆ ಚಾಲು ಬದಲಿಸಿದರೆ ಸೊನ್ನೆ. ಅಡೆತಡೆಗಳ ನಡುವೆ ಸವಾರ ಇಳಿದು, ಕುದುರೆಯನ್ನು ಒಂದು ವೃತ್ತದೊಳಗೆ ಬಿಟ್ಟು ತಾನು ಹೊರಗೆ ನಿಲ್ಲುವ ಪರೀಕ್ಷೆಯೂ ಇದೆ. ಹತ್ತು ಸೆಕೆಂಡು ಅದು ಕದಲಬಾರದು. ಪ್ರೇಕ್ಷಕರು ಇದನ್ನು ನೋಡುವುದೇ ಇಲ್ಲ, ನೀರು ಚಿಮ್ಮುವ ಕಡೆ ಓಡಿಹೋಗಿರುತ್ತಾರೆ. ನಾನಾದರೋ ಅಲ್ಲಿಯೇ ಕುಳಿತು ನೋಡುತ್ತೇನೆ. ಆ ಹತ್ತು ಸೆಕೆಂಡಿನಲ್ಲಿ ಆ ಮನೆಯವರು ಕುದುರೆಯನ್ನು ಹೇಗೆ ಸಾಕಿದ್ದಾರೆಂದು ಗೊತ್ತಾಗಿಬಿಡುತ್ತದೆ.

ನಿಮ್ಮ ಸ್ಪರ್ಧೆ ಇದರ ಚಿಕ್ಕ ರೂಪ. ಹಾಗಾಗಿ ಮೊದಲ ಎರಡು ವಾರ ಸೇತುವೆಯ ಹೆಸರೆತ್ತಬೇಡಿ. ನೆಲದ ಮೇಲೆ ರಂಗೋಲಿ ಪುಡಿಯಿಂದ ಒಂದು ವೃತ್ತ ಬರೆಯಿರಿ. ಅವಳನ್ನು ಒಳಗೆ ನಿಲ್ಲಿಸಿ, ಹಗ್ಗ ಹಿಡಿದು ಒಂದು ಹೆಜ್ಜೆ ದೂರ ಸರಿಯಿರಿ. ಕಾಲು ಕದಲಿಸಿದರೆ ಬೈಯದೆ, ಎಳೆದಾಡದೆ ಆ ಕಾಲನ್ನು ಮೊದಲಿದ್ದ ಜಾಗಕ್ಕೇ ತಂದಿಡಿ. ನಿಂತರೆ ಹಗ್ಗ ಸಡಿಲ. ನಿಂತಾಗ ನೆಮ್ಮದಿ, ಕದಲಿದಾಗ ಕೆಲಸ: ಅವಳಿಗೆ ಇಷ್ಟೇ ತಿಳಿಯಬೇಕು. ಮೊದಲು ಮೂರು ಸೆಕೆಂಡು, ಆಮೇಲೆ ಐದು. ಅವಳು ತಾನಾಗಿ ಕದಲುವ ಮೊದಲೇ ನೀವು ಮುಗಿಸಬೇಕು. ಇದೇ ಪಾಠವನ್ನು ಜೀನಿನ ಮೇಲೆ ಕುಳಿತು ಮಾಡಿ, ಇಳಿದು ಮಾಡಿ, ಬಲಗಡೆಯಿಂದ ಹತ್ತಿ ಮಾಡಿ. ಮಗ್ಗುಲಲ್ಲಿ ಯಾರಾದರೂ ರೇನ್‌ಕೋಟ್ ಕೊಡವುತ್ತಿರಲಿ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಗೇಟು ತೆರೆಯುವಾಗ ಬೇಕಾದದ್ದು ಇದು, ಕೊಂಬೆಯ ಕೆಳಗೆ ಬೇಕಾದದ್ದು ಇದು, ಸೇತುವೆಯ ಮೇಲೆ ಹೆದರಿದಾಗ ಓಡುವ ಬದಲು ನಿಂತು ಯೋಚಿಸಲು ಬೇಕಾದದ್ದೂ ಇದೇ.

ಮಾರವಾಡಿ ಕುದುರೆಯ ಕಿವಿ ನಿಮಗೆ ದೊಡ್ಡ ಅನುಕೂಲ. ತುದಿ ಬಾಗಿ ಒಂದಕ್ಕೊಂದು ತಾಗುವ ಆ ಕಿವಿಗಳು ಎತ್ತ ತಿರುಗುತ್ತವೆಂದು ದೂರದಿಂದಲೂ ಕಾಣುತ್ತದೆ. ನನ್ನ ತಂದೆ ಇಲ್ಲಿನ ರೇಸ್‌ಕೋರ್ಸಿನಲ್ಲಿ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಆಗಿದ್ದವರು, ಕಲಬುರಗಿ ಕಡೆಯಿಂದ ಬಂದವರು. ಕುದುರೆಯ ಕಾಲು ನೋಡುವವರು ಗಿರಾಕಿಗಳು, ಕಿವಿ ನೋಡುವವರು ಸೈಸರು ಎನ್ನುತ್ತಿದ್ದರು. ಎರಡೂ ಕಿವಿ ಸೇತುವೆಯ ಕಡೆ ನೆಟ್ಟಿದ್ದರೆ ಅವಳು ನಿಮ್ಮ ಮಾತು ಕೇಳುತ್ತಿಲ್ಲ, ಆಗ ಹಿಮ್ಮಡಿ ಒತ್ತಿ ಪ್ರಯೋಜನವಿಲ್ಲ. ಕಾಯಿರಿ. ಒಂದು ಕಿವಿ ನಿಮ್ಮ ಕಡೆ ತಿರುಗಿತೆಂದರೆ ಪ್ರಶ್ನೆ ಕೇಳುತ್ತಿದ್ದಾಳೆ. ಆಗ ಕೇಳಿ ಒಂದು ಹೆಜ್ಜೆ.

ಮೂರನೆಯ ವಾರದಲ್ಲಿ ಹಳೆಯ ಬಾಗಿಲೊಂದನ್ನೋ ದಪ್ಪ ಪ್ಲೈವುಡ್ ಹಲಗೆಯನ್ನೋ ನೆಲದ ಮೇಲೆ ಹಾಸಿ. ಮೊಳೆ, ಚಿಲಕ ಏನೂ ಇರಬಾರದು. ಹತ್ತಬೇಡಿ, ಕೈಯಲ್ಲಿ ಹಗ್ಗ ಹಿಡಿದು ನಡೆಸಿಕೊಂಡು ಹೋಗಿ. ಎದುರಿಗೆ ನಿಂತು ಎಳೆದರೆ ನೀವೇ ದಾರಿಗೆ ಅಡ್ಡ. ಅವಳು ಹಾರಿದರೆ ಬೀಳುವುದೂ ನಿಮ್ಮ ಮೇಲೆಯೇ. ಅವಳ ಭುಜದ ಪಕ್ಕ ನಿಲ್ಲಿ. ಹಲಗೆಯ ಹತ್ತಿರ ಬಂದಾಗ ಅವಳು ಕತ್ತು ತಗ್ಗಿಸಿ ಮೂಸುತ್ತಾಳೆ, ಫೂತ್ಕರಿಸುತ್ತಾಳೆ, ಮುಂಗಾಲಿನಿಂದ ಕೆರೆಯುತ್ತಾಳೆ. ಕೆರೆಯಲಿ. ಗಟ್ಟಿಯೋ ಟೊಳ್ಳೋ ಎಂದು ತನ್ನ ರೀತಿಯಲ್ಲಿ ನೋಡುತ್ತಿದ್ದಾಳೆ. ಕುದುರೆಗೆ ಸುತ್ತಮುತ್ತ ಬಹುತೇಕ ಎಲ್ಲ ಕಾಣುತ್ತದೆ, ಆದರೆ ನೇರ ಹಿಂದೆ ಮತ್ತು ಮೂಗಿನ ಮುಂದಿನ ಸ್ವಲ್ಪ ಜಾಗ ಕಾಣುವುದಿಲ್ಲ. ಅವಳ ಕಾಲಬುಡದ ಹಲಗೆಯನ್ನು ನೋಡಲು ತಲೆ ತಗ್ಗಿಸಲೇಬೇಕು. ಲಗಾಮು ಬಿಗಿಹಿಡಿದು ತಲೆ ಎತ್ತಿಸಿದಿರೋ, ಕಣ್ಣು ಕಟ್ಟಿ ಸೇತುವೆಗೆ ನುಗ್ಗಿಸಿದಂತಾಯಿತು. ಬಿಸಿಲಿನಿಂದ ನೆರಳಿಗೆ ಬಂದಾಗಲೂ ಅವಳ ಕಣ್ಣು ಹೊಂದಿಕೊಳ್ಳಲು ನಮ್ಮದಕ್ಕಿಂತ ಹೆಚ್ಚು ಹೊತ್ತು ಬೇಕು. ಮರದಡಿಯ ಸೇತುವೆಯಾದರೆ ನೆರಳಿನ ಅಂಚಿನಲ್ಲಿ ಒಂದು ಕ್ಷಣ ನಿಲ್ಲಿಸಿ.

ಒಂದು ಕಾಲು ಹಲಗೆಯ ಮೇಲೆ ಬಂದ ಕೂಡಲೇ ಏನು ಮಾಡಬೇಕು? ಎಲ್ಲರೂ ಇಲ್ಲಿಯೇ ಕೆಡಿಸುತ್ತಾರೆ. ಬಂತು ಬಂತು ಎಂದು ಇನ್ನೊಂದು ಕಾಲಿಗೆ ಎಳೆಯುತ್ತಾರೆ. ನೀವು ಅವಳನ್ನು ಹಿಂದಕ್ಕೆ ನಡೆಸಿ, ಕತ್ತು ಸವರಿ, ಸುತ್ತು ಹಾಕಿಸಿ ಮತ್ತೆ ಬನ್ನಿ. ಹಿಂದಕ್ಕೆ ಬರುವ ದಾರಿ ತೆರೆದಿದೆ ಎಂದು ತಿಳಿದ ಕುದುರೆಯೇ ಮುಂದಕ್ಕೆ ಹೋಗುವ ಧೈರ್ಯ ಮಾಡುತ್ತದೆ. ನಾಲ್ಕೂ ಕಾಲು ಮೇಲೆ ಬಂದ ದಿನ ಅಲ್ಲಿಯೇ ನಿಲ್ಲಿಸಿ. ಎರಡು ವಾರ ವೃತ್ತದಲ್ಲಿ ಕಲಿತದ್ದು ಆ ಹೊತ್ತಿಗೆ ಬಳಕೆಗೆ ಬರುತ್ತದೆ. ಆಮೇಲೆ ಹಲಗೆಯ ಕೆಳಗೆ ಇಟ್ಟಿಗೆ ಕೊಟ್ಟು, ಗೊರಸಿನ ಸದ್ದು ಟೊಳ್ಳಾಗಿ ಕೇಳುವಂತೆ ಮಾಡಿ. ಹಲಗೆ ಅಲುಗಾಡಬಾರದು, ಮುರಿಯಲಂತೂ ಬಾರದು. ಒಮ್ಮೆ ಕಾಲು ಕುಸಿದರೆ ಅವಳು ವರ್ಷಗಟ್ಟಲೆ ಮರೆಯುವುದಿಲ್ಲ. ಕೊನೆಗೆ ಮೇಲೆ ಹತ್ತಿ ಇದನ್ನೆಲ್ಲ ಮತ್ತೆ ಮಾಡಿ. ಎರಡು ಕಡೆಯಿಂದಲೂ ಮಾಡಿ. ಹೋಗುವಾಗ ಕಂಡ ವಸ್ತು ಬರುವಾಗ ಅವಳಿಗೆ ಬೇರೆಯದೇ ಆಗಿ ಕಾಣಬಹುದು.

ತಾಡಪತ್ರಿಗೂ ಇದೇ ಕ್ರಮ. ನಮ್ಮೂರಿನ ಎಲ್ಲ ಛಾವಣಿಗಳ ಮೇಲೆ ಮಳೆಗಾಲದಲ್ಲಿ ಹಾಸುವ ನೀಲಿ ತಾಡಪತ್ರಿ ಇದೆಯಲ್ಲ, ಅದೇ ಸಾಕು. ನೀಲಿ ಮತ್ತು ಹಳದಿ ಕುದುರೆಗೆ ಚೆನ್ನಾಗಿ ಕಾಣುವ ಬಣ್ಣಗಳು, ಕೆಂಪು ಹಸಿರುಗಳಲ್ಲಿಯೇ ಅದಕ್ಕೆ ಗೊಂದಲ. ಮೊದಲು ಪಂಚೆಯಂತೆ ಉದ್ದಕ್ಕೆ ಮಡಚಿ ಹಾಸಿ, ದಿನದಿನಕ್ಕೂ ಒಂದೊಂದು ಮಡಿಕೆ ಬಿಚ್ಚಿ. ಅಂಚುಗಳ ಮೇಲೆ ಮಣ್ಣು ಹೇರಿ, ಗಾಳಿಗೆ ಪಟಪಟ ಎನ್ನದಂತೆ ನೋಡಿಕೊಳ್ಳಿ. ಗೇಟಿಗೆ ಎರಡು ಕಂಬಗಳ ನಡುವೆ ಒಂದು ಹಗ್ಗ ಸಾಕು. ಕಂಬಕ್ಕೆ ಸಮಾನಾಂತರವಾಗಿ ನಿಲ್ಲಿಸುವುದು, ಹಗ್ಗ ಬಿಚ್ಚುವುದು, ಕೈಬಿಡದೆ ದಾಟಿ ತಿರುಗುವುದು, ಮತ್ತೆ ಕಟ್ಟುವುದು. ಹಗ್ಗ ಅವಳ ಕಾಲಿಗೆ ಸುತ್ತಿಕೊಂಡಂತೆ ಕಂಡರೆ ಕೂಡಲೇ ಬಿಟ್ಟುಬಿಡಿ. ಕೊಂಬೆಯ ಕೆಳಗೆ ಹೋಗುವಾಗ ನೀವು ಮುಂದಕ್ಕೆ ಬಾಗಿದರೆ ನಿಮ್ಮ ಕಾಲು ತಾನಾಗಿ ಹಿಂದಕ್ಕೆ ಜಾರಿ ಅವಳ ಹೊಟ್ಟೆಗೆ ತಾಗುತ್ತದೆ. ಓಡು ಎಂದು ಹೇಳಿದಿರಿ ಎಂದೇ ಅವಳು ತಿಳಿಯುತ್ತಾಳೆ. ಕೊಂಬೆಯಿಲ್ಲದೆಯೇ ಬಾಗುವ ಅಭ್ಯಾಸ ಮಾಡಿ.

ಅರೀನಾದಲ್ಲಿ ಎಲ್ಲ ಬಂತೆಂದು ಬೀಗಬೇಡಿ. ಪೌಡ್ ಕಡೆಯ ದಾರಿಯಲ್ಲಿ ನಿಜವಾದ ಅಡೆತಡೆಗಳನ್ನು ಯಾರೂ ಕಟ್ಟಿಟ್ಟಿರುವುದಿಲ್ಲ. ನೀರಿನಿಂದ ಏಕಾಏಕಿ ಏಳುವ ಎಮ್ಮೆ, ಪೊದೆಯಲ್ಲಿ ಸಿಕ್ಕಿಕೊಂಡ ಬಿಳಿಯ ಗೊಬ್ಬರದ ಚೀಲ, ತೋಟದ ಪಂಪು, ಬೀದಿನಾಯಿ. ಇನ್ನು ಸೊಲ್ಲಾಪುರ ರಸ್ತೆಯ ಕಡೆಯವರಿಗೆ ಕಬ್ಬಿನ ಕಾಲ ಶುರುವಾಗಿರುತ್ತದೆ. ಎರಡು ಟ್ರಾಲಿ ಕಟ್ಟಿಕೊಂಡು, ಹಾಡು ಹಾಕಿಕೊಂಡು ಬರುವ ಟ್ರ್ಯಾಕ್ಟರಿನ ಮುಂದೆ ಯಾವ ಮರದ ಸೇತುವೆ? ವಾರಕ್ಕೆ ಎರಡು ದಿನವಾದರೂ ಪಳಗಿದ ಹಿರಿಯ ಕುದುರೆಯೊಂದರ ಜೊತೆಗೆ ಹೊರಗೆ ಹೋಗಿ. ಮೊದಲು ಅದರ ಹಿಂದೆ, ಆಮೇಲೆ ಪಕ್ಕದಲ್ಲಿ, ಕೊನೆಗೆ ಮುಂದೆ. ಸ್ಪರ್ಧೆಯಲ್ಲಿ ಒಬ್ಬಳೇ ಹೋಗಬೇಕಾಗುತ್ತದೆ, ಆದ್ದರಿಂದ ದಾರಿ ಕವಲೊಡೆದಲ್ಲಿ ಎರಡು ಕುದುರೆಗಳನ್ನು ಅಗಲಿಸಿ, ಸ್ವಲ್ಪ ದೂರದಲ್ಲಿ ಮತ್ತೆ ಕೂಡಿಸುವುದನ್ನೂ ಅಭ್ಯಾಸ ಮಾಡಿಸಿ. ಗದ್ದಲಕ್ಕೆ ಕುದುರೆ ಒಗ್ಗುವುದೇ ಇಲ್ಲ ಎನ್ನುವವರು ಪಂಢರಪುರಕ್ಕೆ ಹೊರಡುವ ಆಳಂದಿಯ ಪಾಲಖಿಯನ್ನು ನೋಡಬೇಕು. ಅದರ ಕುದುರೆಗಳು ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯಿಂದ ನಡೆದೇ ಬರುತ್ತವೆ. ತಾಳ ಮೃದಂಗಗಳ ನಡುವೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದ ಜನಸಾಗರದಲ್ಲಿ ಅವು ನಡೆಯುವ ರೀತಿ ನೋಡಿದರೆ ನನಗೆ ಈಗಲೂ ಹೊಟ್ಟೆಕಿಚ್ಚಾಗುತ್ತದೆ.

ದಮ್ಮಿನ ಚಿಂತೆ ನಿಮಗೆ ಬೇಡ. ಹೆಚ್ಚಿನ ಭಾಗ ನಡಿಗೆಯಲ್ಲಿಯೇ ಸಾಗುವ ಹತ್ತು ಕಿಲೊಮೀಟರ್ ಆರೋಗ್ಯವಂತ ಕುದುರೆಗೆ ದೊಡ್ಡದಲ್ಲ. ಆದರೂ ನಾಡಿ ನೋಡಲು ಕಲಿಯಿರಿ. ದವಡೆಯ ಒಳ ಅಂಚಿನಲ್ಲಿ ಬೆರಳಿಟ್ಟರೆ ರಕ್ತನಾಳ ಹುರಿಯಂತೆ ಸಿಗುತ್ತದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಇರುತ್ತದೆ. ಸವಾರಿ ಮುಗಿದು ಇಪ್ಪತ್ತು ನಿಮಿಷವಾದರೂ 64ಕ್ಕಿಂತ ಕೆಳಗೆ ಇಳಿಯದಿದ್ದರೆ ಅಂದಿನ ಕೆಲಸ ಹೆಚ್ಚಾಯಿತೆಂದು ತಿಳಿಯಿರಿ. ಬೆನ್ನೆಲುಬಿನ ಬೆಳವಣಿಗೆ ಎಲ್ಲಕ್ಕಿಂತ ತಡವಾಗಿ ಮುಗಿಯುತ್ತದೆ, ಐದು ದಾಟಿದ ಮೇಲೆಯೇ. ಹಾಗಾಗಿ ವಾರಕ್ಕೆ ನಾಲ್ಕು ದಿನಕ್ಕಿಂತ ಹೆಚ್ಚು ಬೆನ್ನ ಮೇಲೆ ಕೂರಬೇಡಿ. ಉಳಿದ ದಿನ ಕೈಹಗ್ಗದ ಪಾಠ, ಬಯಲಿನಲ್ಲಿ ಬಿಡುವುದು. ಲಾಳ ಕಟ್ಟಿಸುವುದಿದ್ದರೆ ಸ್ಪರ್ಧೆಗೆ ಹತ್ತು ದಿನ ಮೊದಲು ಕಟ್ಟಿಸಿ. ಹಿಂದಿನ ದಿನ ಕಟ್ಟಿಸಿ, ಮೊಳೆ ಒತ್ತಿ ಕುಂಟಿಸಿಕೊಂಡು ಬರುವವರು ಪ್ರತಿ ವರ್ಷವೂ ಒಬ್ಬರಾದರೂ ಸಿಗುತ್ತಾರೆ.

ಎಂಟು ವಾರ ಕಳೆದರೂ ಸೇತುವೆ ಬರಲಿಲ್ಲವೆನ್ನಿ. ಅದೊಂದನ್ನು ಬಿಟ್ಟು ಹನ್ನೊಂದು ಅಡೆತಡೆ ಮಾಡಿ ಬನ್ನಿ. ಬಿಡುವುದಕ್ಕೆ ಅವಕಾಶವಿದೆಯೇ ಎಂದು ಸಂಘಟಕರನ್ನು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ಚೆಂಬೂರಿನಲ್ಲಿ ಇದ್ದೇನೆ. ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಓಡಿ ನಿವೃತ್ತಿಯಾದ ಆರು ವರ್ಷದ ಥರೋಬ್ರೆಡ್ ಗಂಡುಕುದುರೆಯನ್ನು ಕೊಂಡು ಕರ್ಜತ್ ಬಳಿ ಇಟ್ಟಿದ್ದೇನೆ. ಹತ್ತಲು ಹೋದರೆ ನಡೆಯತೊಡಗುತ್ತದೆ. ಲಗಾಮು ಹಿಡಿದಷ್ಟೂ ವೇಗ ಹೆಚ್ಚಿಸುತ್ತದೆ. ಇದರಿಂದ ಕಾಡುದಾರಿಯ ಸ್ಪರ್ಧೆ ಆದೀತೇ?

ಉತ್ತರ: ಆಗುತ್ತದೆ, ಆದರೆ ಈ ಚಳಿಗಾಲಕ್ಕಲ್ಲ. ಅದು ತಪ್ಪು ಮಾಡುತ್ತಿಲ್ಲ, ಕಲಿತದ್ದನ್ನು ಪ್ರಾಮಾಣಿಕವಾಗಿ ಮಾಡುತ್ತಿದೆ. ರೇಸಿನ ಕುದುರೆ ನಡೆಯುತ್ತಿರುವಾಗಲೇ ಸವಾರನ ಕಾಲು ಹಿಡಿದು ಮೇಲಕ್ಕೆ ಎತ್ತಿ ಕೂರಿಸುತ್ತಾರೆ. ನಿಂತ ಕುದುರೆಯನ್ನು ರಿಕಾಪಿನಿಂದ ಹತ್ತುವುದು ಎಂದರೇನೆಂದೇ ಅದಕ್ಕೆ ಗೊತ್ತಿಲ್ಲ. ಲಗಾಮು ಬಿಗಿಯಾದರೆ ಅದರ ಮೇಲೆ ಭಾರ ಹಾಕಿ ಓಡಬೇಕು ಎಂಬುದೂ ಅಲ್ಲಿಯದೇ ಪಾಠ. ಒಂದು ಕಲ್ಲಿನ ಕಟ್ಟೆಯ ಪಕ್ಕ ನಿಲ್ಲಿಸಿ, ಕಟ್ಟೆ ಹತ್ತಿ ಇಳಿಯಿರಿ, ಜೀನಿನ ಮೇಲೆ ಒರಗಿ ಬಿಡಿ. ಹತ್ತಿ ಕುಳಿತ ಮೇಲೂ ಕೂಡಲೇ ಹೊರಡಬೇಡಿ. ಒಂದು ತುಂಡು ಗಜ್ಜರಿ ಕೊಟ್ಟು, ಅದನ್ನು ಅಗಿದು ಮುಗಿಸುವವರೆಗೆ ಕಾಯಿರಿ. ವೇಗ ಹೆಚ್ಚಿದಾಗ ಎರಡೂ ಕೈಯಿಂದ ಎಳೆಯುವ ಬದಲು ದೊಡ್ಡ ವೃತ್ತದಲ್ಲಿ ತಿರುಗಿಸಿ, ವೃತ್ತ ಚಿಕ್ಕದಾದಂತೆ ತಾನೇ ನಿಧಾನಿಸುತ್ತದೆ. ಮುಂದೆ ಹೋಗುವ ಕುದುರೆಯನ್ನು ಕಂಡರೆ ಹಿಂದಿಕ್ಕುವ ಹಟ ಹೋಗಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಗುಂಪು ಸವಾರಿಗೆ ಒಯ್ಯಬೇಡಿ, ನಿಮ್ಮ ಜೊತೆ ಇನ್ನೊಬ್ಬರ ಸೊಂಟವೂ ಮುರಿಯುತ್ತದೆ.

ಪ್ರಶ್ನೆ: ನಾವು ವಾಸ್ಕೋದಲ್ಲಿ ನೆಲೆಸಿದ ಹುಬ್ಬಳ್ಳಿಯವರು. ಕಡಲತೀರದ ಮರಳಿನಲ್ಲಿ ದಿನಾ ಓಡಿಸಿದರೆ ಎಳೆಯ ಕುದುರೆಯ ಕಾಲು ಗಟ್ಟಿಯಾಗುತ್ತದೆ ಎನ್ನುತ್ತಾರೆ. ನೀರಿನ ಅಡೆತಡೆಗೂ ಸಮುದ್ರವೇ ಇದೆಯಲ್ಲ?

ಉತ್ತರ: ಕಾಲು ಹೂತುಹೋಗುವ ಒಣ ಮರಳಿನಲ್ಲಿ ಎಳೆಯ ಕುದುರೆಯನ್ನು ಓಡಿಸಿದರೆ ಗಟ್ಟಿಯಾಗುವ ಮೊದಲು ಕಾಲಿನ ಹಿಂಭಾಗದ ಸ್ನಾಯುರಜ್ಜು ಉಳುಕುತ್ತದೆ. ಇಳಿತದ ಹೊತ್ತಿನಲ್ಲಿ ಅಲೆ ತೋಯಿಸಿ ಹೋದ ಬಿಗಿ ಮರಳಿನ ಪಟ್ಟಿಯ ಮೇಲೆ ನಡೆಸಿ, ಅದೂ ಅರ್ಧ ಗಂಟೆ ಮೀರದಂತೆ. ಸಮುದ್ರವನ್ನು ಮೊದಲ ನೀರಿನ ಪಾಠಕ್ಕೆ ಬಳಸಬೇಡಿ. ಕುದುರೆಗೆ ಅದು ನೀರಲ್ಲ, ಕಾಲ ಕೆಳಗೆ ಓಡುವ ನೆಲ. ಅಲೆ ಹಿಂದೆ ಸರಿಯುವಾಗ ತಲೆ ತಿರುಗಿ ಅಡ್ಡಕ್ಕೆ ಸರಿಯುತ್ತದೆ, ಕೆಲವು ಮಲಗಿಯೂ ಬಿಡುತ್ತವೆ. ಕುಯ್ಲು ಮುಗಿದ ಗದ್ದೆಯ ಪಕ್ಕ ತಳ ಕಾಣುವ ತೊರೆ ಹುಡುಕಿ, ಹಿರಿಯ ಕುದುರೆಯ ಹಿಂದೆ ಇಳಿಸಿ. ಕಡಲಿಗೆ ಹೋಗಿ ಬಂದ ದಿನ ಕಾಲು, ಹೊಟ್ಟೆ, ಜೀನಿನ ಪಟ್ಟಿ ಎಲ್ಲವನ್ನೂ ಸಿಹಿನೀರಿನಿಂದ ತೊಳೆಯಿರಿ. ಉಪ್ಪು ಒಣಗಿದ ಪಟ್ಟಿ ಮರುದಿನ ಚರ್ಮ ಕೀಳುತ್ತದೆ.

ಪ್ರಶ್ನೆ: ನನ್ನ ತೂಕ 92 ಕಿಲೊ. ಕುದುರೆ ಮಾರವಾಡಿ, ಸುಮಾರು 360 ಕಿಲೊ. ಆಗಬಹುದಲ್ಲ? (ಪಿಂಪರಿ)

ಉತ್ತರ: ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಎಂಬುದು ಸಾಮಾನ್ಯವಾಗಿ ಒಪ್ಪಿದ ಮಿತಿ. ನಿಮ್ಮ ಕುದುರೆಗೆ 72 ಕಿಲೊ ಆಯಿತು. ಲೆಕ್ಕ ನೀವೇ ಮಾಡಿ. ಮಗಳನ್ನು ಕೂರಿಸಿ, ನೀವು ನಕ್ಷೆ ಹಿಡಿದು ಪಕ್ಕದಲ್ಲಿ ನಡೆಯಿರಿ. ಇಬ್ಬರಿಗೂ ಒಳ್ಳೆಯದು.

ಪ್ರಶ್ನೆ: ಹಡಪ್ಸರದಿಂದ ಬರೆಯುತ್ತಿದ್ದೇನೆ. ನಮ್ಮ ಸೈಸ್ ಹಿಡಿದು ನಡೆಸಿದರೆ ಕುದುರೆ ಚರಂಡಿ, ನೀರು, ಹಲಗೆ ಎಲ್ಲವನ್ನೂ ದಾಟುತ್ತದೆ. ನಾನು ಹತ್ತಿದರೆ ನಿಂತುಬಿಡುತ್ತದೆ. ಅವನು ಏನೋ ಚಟ ಹಿಡಿಸಿದ್ದಾನೆ ಎಂದು ಮನೆಯವರ ಅನುಮಾನ. ಬದಲಿಸಿ ಬಿಡಲೇ?

ಉತ್ತರ: ಅನುಮಾನ ಸರಿಯಾಗಿದೆ, ಚಟ ಹಿಡಿಸಿದ್ದಾನೆ. ಹುಲ್ಲು, ನೀರು, ಮೈ ತಿಕ್ಕುವುದು, ಗೊರಸು ಕೆರೆಯುವುದು, ರಾತ್ರಿ ಕೆಮ್ಮಿದರೆ ಎದ್ದು ನೋಡುವುದು. ನೀವು ಭಾನುವಾರ ಬಂದು ಒಂದು ಗಂಟೆ ಕುಳಿತು ಹೋಗುತ್ತೀರಿ. ಕುದುರೆಗೆ ಯಾರ ಮಾತು ಕೇಳಬೇಕೆಂದು ಗೊಂದಲವೇನೂ ಇಲ್ಲ.

ಅವರನ್ನು ಬದಲಿಸಿದರೆ ಸ್ಪರ್ಧೆಯ ಆಸೆಯನ್ನೂ ಬಿಟ್ಟುಬಿಡಿ. ಬದಲಿಗೆ ಒಂದು ತಿಂಗಳು ಅವರ ಶಿಷ್ಯರಾಗಿ. ಹಲಗೆಯ ಬಳಿ ಅವರು ಯಾವ ಕಡೆ ನಿಲ್ಲುತ್ತಾರೆ, ಹಗ್ಗ ಎಷ್ಟು ಉದ್ದ ಬಿಡುತ್ತಾರೆ, ಬಾಯಿಯಿಂದ ಏನು ಸದ್ದು ಮಾಡುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಎಂದು ನೋಡಿ. ಮೊದಲು ಅವರು ಹಗ್ಗ ಹಿಡಿದಿರಲಿ, ನೀವು ಮೇಲೆ ಬರೀ ಹೊರೆಯಾಗಿ ಕುಳಿತಿರಿ. ಲಗಾಮು ಮುಟ್ಟಬೇಡಿ. ಆಮೇಲೆ ನೀವು ಅದೇ ಸದ್ದು ಮಾಡಿ, ಅವರು ಹಗ್ಗ ಸಡಿಲ ಬಿಟ್ಟು ಪಕ್ಕದಲ್ಲಿ ನಡೆಯಲಿ. ಆಮೇಲೆ ಹಗ್ಗ ಬಿಚ್ಚಿ ಎರಡು ಮಾರು ಹಿಂದೆ ಉಳಿಯಲಿ. ಹೀಗೆ ಅವರ ಮೇಲಿನ ನಂಬಿಕೆಯನ್ನು ಸ್ವಲ್ಪಸ್ವಲ್ಪವಾಗಿ ನಿಮಗೆ ದಾಟಿಸಿಕೊಡಬಲ್ಲವರು ಅವರೊಬ್ಬರೇ. ಇನ್ನೊಂದು ಮಾತು: ಸ್ಪರ್ಧೆಯ ದಿನ ಅವರಿಗೆ ಊಟ, ನೆರಳು, ಕೂರಲು ಒಂದು ಕುರ್ಚಿ ಇರಬೇಕು. ಬಹುಮಾನದ ಹಣ ಬಂದರೆ ಅರ್ಧ ಅವರದು. ‘ಅವನು’ ಎಂದು ಬರೆದಿದ್ದೀರಿ, ವಯಸ್ಸಿನಲ್ಲಿ ನಿಮಗಿಂತ ದೊಡ್ಡವರಲ್ಲ ತಾನೆ?

ಪ್ರಶ್ನೆ: ಕುದುರೆಯ ಕಣ್ಣಿನ ಕೆಳಗೆ ಸುಳಿ ಇದೆ, ಇದು ಸವಾರನಿಗೆ ಆಗುವುದಿಲ್ಲ, ಸ್ಪರ್ಧೆಗಂತೂ ಬೇಡವೇ ಬೇಡ ಎಂದು ವಿಜಯಪುರದಿಂದ ಬಂದ ಮಾವನವರು ಪಟ್ಟು ಹಿಡಿದಿದ್ದಾರೆ. (ವಾಕಡ್)

ಉತ್ತರ: ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಸುಳಿ ನೋಡಿ ಕುದುರೆ ಕೊಳ್ಳುವ ಪದ್ಧತಿ ನಮ್ಮಲ್ಲಿ ಹಳೆಯದು. ಅಕಲೂಜ್, ಸಾರಂಗಖೇಡಾ ಸಂತೆಗಳಲ್ಲಿ ಇಂದಿಗೂ ಸುಳಿಯಿಂದ ಬೆಲೆ ಏರಿಳಿಯುತ್ತದೆ. ನಾನು ಸುಳಿ ನೋಡುವುದು ಗುರುತಿಗೆ ಮಾತ್ರ. ಜನ್ಮವಿಡೀ ಬದಲಾಗದ್ದರಿಂದ ಗುರುತಿನ ಚೀಟಿಯಲ್ಲಿಯೂ ಅದನ್ನು ಬರೆಯುತ್ತಾರೆ. ಕೆಟ್ಟ ಸುಳಿಯ ಕುದುರೆ ಕಡಿಮೆ ಬೆಲೆಗೆ ಸಿಗುತ್ತದೆ ಎಂಬುದೂ ನಿಜ. ಅಂಥವನ್ನು ಹುಡುಕಿ ಕೊಳ್ಳುವವರಲ್ಲಿ ನಾನೂ ಒಬ್ಬ. ಮಾವನವರು ಕೇಳದಿದ್ದರೆ ಶಾಂತಿ ಮಾಡಿಸಿಬಿಡಿ, ಕುದುರೆಗೆ ಎರಡು ಕಿಲೊ ಬೆಲ್ಲ ತಿನ್ನಿಸುವ ಶಾಂತಿ ಮಾತ್ರ ಬೇಡ, ಹೊಟ್ಟೆಶೂಲೆ ಬಂದೀತು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ತಿಂದದ್ದು ಹೊರಬರಲು ಒಂದೇ ದಾರಿ.

ಪ್ರಶ್ನೆ: ಠಾಣೆಯಿಂದ ಪುಣೆಗೆ ಸ್ಪರ್ಧೆಗೆ ಕರೆತರಬೇಕು. ಯಾವ ಕಾಗದಪತ್ರ ಬೇಕು? ಟೆಂಪೊ ಹತ್ತಲು ಒಪ್ಪುವುದಿಲ್ಲ.

ಉತ್ತರ: ಗ್ಲ್ಯಾಂಡರ್ಸ್ ಇಲ್ಲವೆಂಬ ರಕ್ತಪರೀಕ್ಷೆಯ ವರದಿಯನ್ನು ಸಂಘಟಕರು ಕೇಳದಿದ್ದರೂ ಮಾಡಿಸಿ. ಅವರು ಕೇಳುವುದೇ ಇಲ್ಲವೆಂದಾದರೆ ಅಂಥ ಸ್ಪರ್ಧೆಗೆ ಹೋಗುವುದೇ ಬೇಡ. ಅದು ಕುದುರೆಯಿಂದ ಮನುಷ್ಯನಿಗೂ ಹರಡುವ ರೋಗ. ಬಂದ ಕುದುರೆಯನ್ನು ಉಳಿಸುವುದಿಲ್ಲ. ಇದರ ಪರೀಕ್ಷೆಗೆ ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವೇ ದೇಶಕ್ಕೆ ದೊಡ್ಡದು. ವರದಿ ಬರಲು ಸಮಯ ಹಿಡಿಯುತ್ತದೆ, ಆದ್ದರಿಂದ ಸರ್ಕಾರಿ ಪಶುವೈದ್ಯರನ್ನು ಈಗಲೇ ಕಾಣಿ. ಧನುರ್ವಾಯು ಮತ್ತು ಇನ್‌ಫ್ಲೂಯೆಂಜಾ ಲಸಿಕೆಗಳ ದಾಖಲೆಯನ್ನೂ ಜೊತೆಗಿಟ್ಟುಕೊಳ್ಳಿ.

ಟೆಂಪೊ ಹತ್ತಿಸುವುದೂ ಒಂದು ಅಡೆತಡೆಯೇ, ಮೇಲಿನ ಸೇತುವೆಯ ಪಾಠವನ್ನೇ ಇಲ್ಲಿಯೂ ಮಾಡಿ. ಟೆಂಪೊವನ್ನು ಮಣ್ಣಿನ ದಿಬ್ಬಕ್ಕೆ ಹಿಮ್ಮುಖವಾಗಿ ತಾಗಿಸಿ ನಿಲ್ಲಿಸಿದರೆ ಹತ್ತುವ ಎತ್ತರವೇ ಇರುವುದಿಲ್ಲ. ನೆಲಕ್ಕೆ ಮರಳು ಹಾಕಿ ಮೇಲೆ ಹುಲ್ಲು ಹರಡಿ, ಬರೀ ತಗಡಿನ ಮೇಲೆ ಕಾಲು ಜಾರುತ್ತದೆ. ಎರಡು ವಾರ ಮೊದಲಿನಿಂದ ದಿನಾ ಸಂಜೆಯ ಹುರುಳಿಯನ್ನು ಟೆಂಪೊದೊಳಗೇ ಇಟ್ಟು ತಿನ್ನಿಸಿ, ಎಂಜಿನ್ ಚಾಲೂ ಮಾಡಿ ನಿಲ್ಲಿಸಿ, ಊರೊಳಗೆ ಒಂದು ಸುತ್ತು ಹಾಕಿ ಇಳಿಸಿ. ಘಾಟಿನಲ್ಲಿ ನಿಧಾನ, ತಿರುವಿನಲ್ಲಿ ಬ್ರೇಕು ಒತ್ತುವುದು ಬೇಡ, ನೀರು ಕುಡಿಸಲು ಖೋಪೋಲಿಯ ಆಚೆ ಒಮ್ಮೆ ನಿಲ್ಲಿಸಬೇಕು ಎಂದು ಚಾಲಕನಿಗೆ ಮೊದಲೇ ಹೇಳಿ. ಹಣ ಮಾತ್ರ ಪೂರ್ತಿ ಮುಂಗಡ ಕೊಡಬೇಡಿ, ಅರ್ಧ ಉಳಿಸಿಕೊಂಡು ಕುದುರೆ ಇಳಿದ ಮೇಲೆ ಕೊಡಿ.